ನಮ್ಮ ಸಂಕಕ್ಕೊಂದು ಸಿದ್ದೆ, ಅವರ ಬಂದರಿಗೊಂದು ಕೊಳಗ

ಮೇ ಕೊನೇ ವಾರ ಕುಮಟಾಕ್ಕೆ ತವರಿಗೆ ಹೋಗಿದ್ದೆ. ವಾಪಸ್ ಹೊರಡುವಾಗ ಆಯಿ ಪ್ರತಿ ವರ್ಷದ ಹಾಗೆ ಒಂದು ಚೀಲ ಸುಟ್ಟ ಚಿಪ್ಪಿ ಕಟ್ಟಿಸಿ ಇಟ್ಟಿದ್ಲು. ಮಳೆ ಹಿಡಿಯೋದ್ರೊಳಗೆ ಅಡಿಕೆಗೆ ಮೊದಲನೇ ಕೊಳೆ ರೋಗದ ಔಷಧಿ ಹೊಡೀಬೇಕಲ್ಲ, ಮೈಲುತುತ್ತದ ಜೊತೆ ಸುಣ್ಣ ಬೇಕೇ ಬೇಕು, ಶಿರಸಿ ಪೇಟೇಲಿ ಸುಣ್ಣ ಸಿಗತ್ತೆ ಆದ್ರೆ ನಮ್ಮ ಮಾವನಿಗೆ ಅದು ಆಗೋದಿಲ್ಲ, ಚಿಪ್ಪಿ ಸುಣ್ಣ ಹಾಕಿದ್ರೆ ಮಾತ್ರ ಔಷಧಿ ಗೊನೆಗೆ ಹಿಡಿಯತ್ತೆ ಅಂತ ಅವರ ನಂಬಿಕೆ. ಹಂಗಾಗಿ ಮದುವೆ ಆಗಿ ಇಪ್ಪತ್ತೆರಡು ವರ್ಷದಿಂದ ಮೇ ತಿಂಗಳಲ್ಲಿ ತವರಿಂದ ನಾನು ತರೋ ಉಡುಗೊರೆ ಅಂದ್ರೆ ಇದೇ ಚೀಲ.

ಈ ಸಲ ದೇವಿಮನೆ ಘಟ್ಟ ಹತ್ತುತ್ತಾ, ಆ ಚೀಲ ಕಾಲ ಬುಡದಲ್ಲಿ ಇಟ್ಕೊಂಡು ಕೂತವಳಿಗೆ ಬಹಳ ದಿನದಿಂದ ಮನಸ್ಸಲ್ಲಿ ಇದ್ದಿದ್ದನ್ನ ಬರೀಲೇಬೇಕು ಅನ್ನಿಸ್ತು. ಕಾಡಿನ ಜಾಗ ಕೇಳಿದ್ರೆ ನಮ್ಮ ಹಳ್ಳದ ಕಾಲುಸಂಕಕ್ಕೆ ಸಿದ್ದೆ ಅನ್ನೋ ಸಣ್ಣ ಅಳತೆ, ಅವರ ದೊಡ್ಡ ಯೋಜನೆಗೆ ಕೊಳಗ ಅನ್ನೋ ದೊಡ್ಡ ಅಳತೆ, ಯಾಕೆ ಹೀಗೆ ಅಂತ. ನಾನು ಹುಟ್ಟಿದ್ದು ಅಘನಾಶಿನಿ ನದಿ ಸಮುದ್ರ ಸೇರೋ ಕಡೆ, ಕೊಟ್ಟಿದ್ದು ಅದೇ ನದಿ ಹುಟ್ಟೋ ಕಡೆ. ಶಿರಸಿ ಪೇಟೆಯ ಶಂಕರಹೊಂಡ, ಮತ್ತೆ ಮಂಜುಗುಣಿ, ಈ ಎರಡು ಕಡೆ ಹುಟ್ಟಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಒಟ್ಟು ನೂರಿಪ್ಪತ್ತು ಕಿಲೋಮೀಟರ್ ಆಸುಪಾಸು ಹರಿದು ತದಡಿ ಹತ್ರ ಸಮುದ್ರ ಸೇರತ್ತೆ. ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಸಾಲು ಸಾಲು ಡ್ಯಾಮು, ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ಅಘನಾಶಿನಿಗೆ ಮಾತ್ರ ಇವತ್ತಿನ ತನಕ ಯಾರೂ ಅಡ್ಡ ಕಟ್ಟಿಲ್ಲ. ಮೇಲಿನ ಅಡಿಕೆ, ಕೆಳಗಿನ ಸುಣ್ಣ, ಎರಡೂ ಒಂದೇ ನದಿದು. ನಮ್ಮ ಮನೇಲಿ ಊಟ ಆದ್ಮೇಲೆ ಕವಳದ (ಎಲೆ, ಅಡಿಕೆ, ಸುಣ್ಣದ) ಹರಿವಾಣ ಮುಂದೆ ಬಂದಾಗೆಲ್ಲ ನಂಗೆ ಇದು ನೆನಪಾಗತ್ತೆ.

ಹೊರಡೋ ದಿನ ಬೆಳಿಗ್ಗೆ ಇಳಿತದ ಹೊತ್ತಿಗೆ ಆಯಿ ಜೊತೆ ಅಳಿವೆ ದಂಡೆಗೆ ಹೋಗಿದ್ದೆ. ಸೊಂಟದ ತನಕ ನೀರು, ಹತ್ತಿಪ್ಪತ್ತು ಹೆಂಗಸರು, ನಾಲ್ಕೈದು ಗಂಡಸರು, ಕಾಲಲ್ಲೇ ಕೆಸರು ತಡಕಿ ಬಳಚು, ಅಂದ್ರೆ ಚಿಪ್ಪಿಮೀನು, ಹೆಕ್ತಾ ಇದ್ರು. ಒಂದೊಂದು ಅಲ್ಯೂಮಿನಿಯಂ ಪಾತ್ರೆಗೆ ಹಗ್ಗ ಕಟ್ಟಿ ಅದರ ತುದಿ ಸೊಂಟಕ್ಕೆ ಬಿಗಿದುಕೊಂಡಿರ್ತಾರೆ, ಪಾತ್ರೆ ಹಿಂದಿಂದೆ ತೇಲ್ತಾ ಬರತ್ತೆ, ಹೆಬ್ಬೆರಳಿಗೆ ಚಿಪ್ಪಿ ತಾಗಿದ ತಕ್ಷಣ ಉಸಿರು ಹಿಡಿದು ಮುಳುಗೋದು, ತೆಗೆಯೋದು, ಪಾತ್ರೆಗೆ ಹಾಕೋದು. ನಮ್ಮನೇಲಿ ತಿನ್ನೋದಿಲ್ಲ, ಆದ್ರೆ ಪಾತ್ರೆಗೆ ಚಿಪ್ಪಿ ಬೀಳೋ ಆ ಟಣ್ ಅನ್ನೋ ಸದ್ದು ಕೇಳ್ತಾನೇ ನಾನು ಬೆಳೆದಿದ್ದು. ಅಂಬಿಗರ ಕೇರಿಯ ಅಕ್ಕ ಒಬ್ಬಳು ಸಣ್ಣಕ್ಕಿದ್ದಾಗ ನಮ್ಮ ಅಂಗಳದಲ್ಲಿ ಆಡ್ತಿದ್ದವಳು, ಈಗ ಅವಳಿಗೆ ಅರವತ್ತು ದಾಟಿದೆ, ದಂಡೆಗೆ ಬಂದು ಕೂತು ಕೈ ತೋರಿಸಿದ್ಲು, ಬೆರಳ ತುದಿಯೆಲ್ಲ ಚಿಪ್ಪಿ ಕೊಯ್ದು ಕೊಯ್ದು ಗೀರು. ಎರಡು ಮಕ್ಕಳನ್ನ ಓದಿಸಿದ್ದು, ಮಗಳ ಮದುವೆ ಮಾಡಿದ್ದು ಎಲ್ಲ ಈ ನೀರಿಂದ್ಲೇ. ಮೇಲಿಂದ ನದಿ ನೀರು ಬೇರೆ ಕಡೆ ತಿರುಗಿಸ್ತಾರಂತೆ ಹೌದಾ ಅಂತ ಕೇಳಿದ್ಲು. ಅಘನಾಶಿನಿ-ವೇದಾವತಿ ಜೋಡಣೆ ಸುದ್ದಿ ಅವಳ ಕಿವಿಗೂ ಬಿದ್ದಿದೆ. ಪೇಪರಲ್ಲಿ ಬರ್ತಾ ಇದೆ ಅಂದೆ. "ಉಪ್ಪು ಹೆಚ್ಚಾದ್ರೂ ಇದು ಸಾಯ್ತದೆ, ಸಿಹಿ ಹೆಚ್ಚಾದ್ರೂ ಸಾಯ್ತದೆ ತಂಗೀ, ಎರಡೂ ಹದಕ್ಕೆ ಬೇಕು, ಆ ಹದ ಅವರಿಗೆಂತ ಗೊತ್ತು" ಅಂದ್ಲು.

ಅವಳು ಹೇಳಿದ್ದು ಸರಿ. ಅಳಿವೆ ಅಂದ್ರೆ ಆ ಹದಾನೇ. ಮಳೆಗಾಲದಲ್ಲಿ ಘಟ್ಟದ ಮೇಲಿನ ಸಿಹಿನೀರು ಇಳಿದು ಉಪ್ಪನ್ನ ತಳ್ಳತ್ತೆ, ಬೇಸಿಗೇಲಿ ಉಪ್ಪು ಒಳಗೆ ಬರತ್ತೆ, ಈ ತಳ್ಳಾಟದಲ್ಲೇ ಬಳಚು, ಸಿಗಡಿ, ಏಡಿ, ಕಾಂಡ್ಲಾ ಗಿಡ ಎಲ್ಲ ಬದುಕೋದು. ಕಗ್ಗ ಭತ್ತ ಕೂಡ ಹಂಗೇ. ಮೊದಲ ಮಳೆ ಗಜನಿಯ, ಅಂದ್ರೆ ಅಳಿವೆ ಬದಿಯ ಗದ್ದೆಯ, ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಬಿತ್ತೋದು, ಗೊಬ್ಬರ ಇಲ್ಲ ಔಷಧಿ ಇಲ್ಲ, ಉಪ್ಪುನೀರು ನುಗ್ಗಿದ್ರೂ ತಡಕೊಳ್ಳೋ ಭತ್ತ, ತೆನೆ ಮಾತ್ರ ಕೊಯ್ದು ಹುಲ್ಲು ಅಲ್ಲೇ ಬಿಟ್ರೆ ಅದು ಕೊಳೆತು ಮೀನು ಸಿಗಡಿಗೆ ಮೇವು, ಆಮೇಲೆ ಅದೇ ಗದ್ದೇಲಿ ಮೀನು ಹಿಡಿಯೋದು. ಮಾಣಿಕಟ್ಟಾ ಕಡೆ ಇವತ್ತಿಗೂ ಊರವರು ಸೇರಿ ಕಗ್ಗ ಬೆಳೀತಾರೆ. ನಮ್ಮ ಅಜ್ಜನ ಕಾಲದಲ್ಲಿ ಇದ್ದಷ್ಟಿಲ್ಲ, ಕಟ್ಟು ಒಡೆದು ಹೋಯ್ತು, ತೊಂಬತ್ತರ ದಶಕದಲ್ಲಿ ಸಿಗಡಿ ಕೆರೆಯ ದುಡ್ಡು ನೋಡಿ ಎಲ್ಲರೂ ಅತ್ಲಾಗೆ ಓಡಿದ್ರು, ರೋಗ ಬಂದು ಕೈ ಸುಟ್ಕೊಂಡ್ರು. ಆದ್ರೂ ಉಳಿದಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2008ರ ಸುಮಾರಿಗೆ ಈ ಅಳಿವೆಯ ಚಿಪ್ಪಿಮೀನಿನ ಲೆಕ್ಕ ಹಾಕಿದ್ರು. ವರ್ಷಕ್ಕೆ 22 ಸಾವಿರ ಟನ್ ಹತ್ರ, ನೇರವಾಗಿ ದುಡಿಯೋರೇ ಎರಡು ಸಾವಿರಕ್ಕೂ ಮೇಲೆ, ಆಗಿನ ರೇಟಲ್ಲೇ ಐದೂವರೆ ಕೋಟಿಗೂ ಹೆಚ್ಚಿನ ವಹಿವಾಟು. ಮೀನು, ಸಿಗಡಿ, ಭತ್ತ ಅದ್ರಲ್ಲಿ ಸೇರಿಲ್ಲ. ಯಾರೂ ಬಂಡವಾಳ ಹಾಕಿಲ್ಲ, ಯಾರೂ ಸಬ್ಸಿಡಿ ಕೊಟ್ಟಿಲ್ಲ, ಓದು ಬಾರದ ಹೆಂಗಸೂ ಯಾರಿಗೂ ಅರ್ಜಿ ಹಾಕದೆ ನೀರಿಗಿಳಿದು ಸಂಜೆಗೆ ಕಾಸು ಹಿಡಿದು ಮನೆಗೆ ಹೋಗಬಹುದು. ಇಂಥ ಜಾಗಕ್ಕೆ ಏನೇನೆಲ್ಲ ಬರೋದಿತ್ತು ನೋಡಿ. ಕೈಗಾರಿಕೆಗೆ ಅಂತ ಸಾವಿರಕ್ಕೂ ಮೇಲೆ ಎಕರೆ ಸ್ವಾಧೀನ ಮಾಡ್ಕೊಂಡ್ರು, ಆಮೇಲೆ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಅಂದ್ರು, ಜನ ಬೀದಿಗಿಳಿದ್ರು, ಅದು ನಿಂತ್ಮೇಲೆ ದೊಡ್ಡ ಬಂದರು ಅಂದ್ರು. ಆವಾಗೆಲ್ಲ ಪ್ರತಿ ಸಲ ಹೇಳ್ತಿದ್ದ ಮಾತು "ಈ ಜಾಗ ಖಾಲಿ ಬಿದ್ದಿದೆ" ಅಂತ. ಖಾಲಿ! 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿ ಸೇರ್ತು, 4,801 ಹೆಕ್ಟೇರ್, ಜಗತ್ತಿನ ಮಹತ್ವದ ಜೌಗು ಪ್ರದೇಶ ಅಂತ. ಆ ಅಕ್ಕನಿಗೆ ಅದರ ಹೆಸರು ಹೇಳೋಕೆ ಬರೋದಿಲ್ಲ, ಆದ್ರೆ ಯಾವ ತಿಂಗಳು ಯಾವ ದಿಬ್ಬದ ಮೇಲೆ ಕೈ ಹಾಕಬಾರದು, ಮರಿ ಚಿಪ್ಪಿ ಬೆಳೀಲಿಕ್ಕೆ ಬಿಡಬೇಕು ಅಂತ ಅವಳಿಗೆ ಗೊತ್ತು.

ಇದು ಕೆಳಗಿನ ಕಥೆ. ಇನ್ನು ಮೇಲಿಂದು.

ನಮ್ಮ ಶಿರಸಿ ಕಡೆ ತೋಟ ಇದ್ದವರಿಗೆ ಸೊಪ್ಪಿನ ಬೆಟ್ಟ ಅಂತ ಇರತ್ತೆ. ಬ್ರಿಟಿಷರ ಕಾಲದಿಂದ ಬಂದ ಪದ್ಧತಿ, ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟ. ಭೂಮಿ ಸರ್ಕಾರದ್ದು, ಅನುಭೋಗ ನಮ್ಮದು. ಸೊಪ್ಪು ಕಡೀಬಹುದು, ದರಕು (ಒಣ ಎಲೆ) ಗುಡಿಸಬಹುದು, ದನ ಮೇಯಿಸಬಹುದು, ಒಣಗಿದ ಕಟ್ಟಿಗೆ ತರಬಹುದು, ಮರ ಮಾತ್ರ ಬೀಳಿಸೋ ಹಾಗಿಲ್ಲ, ಅಗೆದು ತೋಟ ಮಾಡೋ ಹಾಗಿಲ್ಲ. ಹೊರಗಿನವರಿಗೆ ಇದನ್ನ ಅರ್ಥ ಮಾಡ್ಸೋದು ಕಷ್ಟ, ಅವರಿಗೆ ಕಾಡು ಅಂದ್ರೆ ಒಂದೋ ಬೇಲಿ ಹಾಕಿದ ಅಭಯಾರಣ್ಯ ಇಲ್ಲಾಂದ್ರೆ ಕಡಿಯೋ ಸರಕು. ಬೆಟ್ಟ ಎರಡೂ ಅಲ್ಲ. ಎಲ್ಲರದ್ದೂ ಹೌದು, ನಮ್ಮದೂ ಹೌದು.

ನಮ್ಮ ಮಾವ 1983ರಲ್ಲಿ ಇಪ್ಪತ್ತೈದರ ಹುಡುಗ. ಆ ಸೆಪ್ಟೆಂಬರಲ್ಲಿ ಸಾಲ್ಕಣಿ ಹತ್ರ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡವರಲ್ಲಿ ಅವರೂ ಒಬ್ಬರು. ಚಿಪ್ಕೋ ಚಳುವಳಿಯ ಸುಂದರಲಾಲ್ ಬಹುಗುಣ ಬಂದು ಹೋಗಿದ್ರು, ಪಾಂಡುರಂಗ ಹೆಗಡೆಯವರು ಮುಂದೆ ನಿಂತಿದ್ರು, ಮಳೆ ಸುರೀತಾ ಇತ್ತು, ಉಂಬಳ ಕಾಲು ತುಂಬ ಹತ್ತಿತ್ತು ಅಂತ ಮಾವ ನೂರು ಸಲ ಹೇಳಿದಾರೆ, ನಾನು ನೂರು ಸಲ ಕೇಳಿದೀನಿ. ಮುಂದೆ ಸರ್ಕಾರ ಇಲ್ಲಿ ಹಸಿಮರ ಕಡಿಯೋದನ್ನ ನಿಲ್ಲಿಸ್ತು. ಈ ಅಪ್ಪಿಕೋ ಚಳುವಳಿಯ ಘೋಷಣೆ ಮೂರು ಶಬ್ದ, ಉಳಿಸು, ಬೆಳೆಸು, ಬಳಸು. ಮಾವ ಈಗ ಹೇಳೋದು, "ಮೂರನೇದು ಎಲ್ಲರಿಗೂ ಮರ್ತು ಹೋತು ನೋಡು." ಉಳಿಸೋದು ಅರಣ್ಯ ಇಲಾಖೆಗೆ ಹೋಯ್ತು, ಬೆಳೆಸೋದು ಅಂದ್ರೆ ಅಕೇಶಿಯಾ ನೆಡೋದು ಅಂತ ಆಯ್ತು, ಬಳಸು ಅಂತ ಬಾಯಿ ಬಿಟ್ರೆ ಕಳ್ಳರನ್ನ ನೋಡ್ದಂಗೆ ನೋಡ್ತಾರೆ.

ಇಲ್ಲಿ ನಮ್ಮ ತಪ್ಪನ್ನೂ ಹೇಳ್ಬೇಕು. ಎಲ್ಲರ ಬೆಟ್ಟವೂ ಹಸಿರಾಗಿಲ್ಲ. ಸೊಪ್ಪು ಕಡಿದು ಕಡಿದು ಬೋಳು ಕಂಬ ಆದ ಮರಗಳಿವೆ, ಜೆಸಿಬಿ ತಂದು ರಾತ್ರೋರಾತ್ರಿ ಬೆಟ್ಟ ಸಮ ಮಾಡಿ ಅಡಿಕೆ ಸಸಿ ಇಟ್ಟವರಿದ್ದಾರೆ, ಅಡಿಕೆ ರೇಟು ಏರಿದಾಗೆಲ್ಲ ಇದು ಜಾಸ್ತಿ. ಉಪ್ಪಾಗೆ ಅನ್ನೋ ಕಾಡಿನ ಹುಳಿಹಣ್ಣಿಗೆ ಒಂದು ಕಾಲದಲ್ಲಿ ತೂಕ ಇಳಿಸೋ ಔಷಧಿಗೆ ಅಂತ ವಿದೇಶದಿಂದ ಬೇಡಿಕೆ ಬಂತಲ್ಲ, ಆಗ ಕಾಯಿ ಹಣ್ಣಾಗೋ ತನಕ ಕಾಯೋ ತಾಳ್ಮೆ ಯಾರಿಗೂ ಇರಲಿಲ್ಲ, ಕೊಂಬೆಯೇ ಕಡಿದು ಹಾಕಿದ್ರು, ಮಳೆಗಾಲದಲ್ಲಿ ಅದನ್ನ ಒಣಗಿಸೋಕೆ ಹೊರೆಗಟ್ಟಲೆ ಕಟ್ಟಿಗೆ ಸುಟ್ರು. ಆಮೇಲೆ ಊರಿನ ಅರಣ್ಯ ಸಮಿತಿಗಳು ಕೂತು ಇಂಥ ದಿನದ ಮೊದಲು ಕೊಯ್ಯಬಾರದು ಅಂತ ಕಟ್ಟು ಮಾಡಿದ ಕಡೆ ಮರ ಉಳೀತು, ಮಾಡದ ಕಡೆ ಹೋಯ್ತು. ನಂಗೆ ಇದರಿಂದ ಗೊತ್ತಾಗಿದ್ದು ಇಷ್ಟೇ, ನಾಳೆಯೂ ಈ ಮರ ನಂದೇ ಅಂತ ಭರವಸೆ ಇದ್ದವನು ಕಾಯ್ತಾನೆ, ಯಾವಾಗ ಕಸಕೊಳ್ತಾರೋ ಅಂತ ಹೆದರಿದವನು ಇವತ್ತೇ ಕೊಯ್ತಾನೆ.

ಈಗ ನಮ್ಮ ಸಂಕದ ವಿಷಯಕ್ಕೆ ಬರ್ತೀನಿ.

ನಮ್ಮ ಕೇರೀಲಿ ಹನ್ನೊಂದು ಮನೆ. ಟಾರು ರಸ್ತೆ ಹಳ್ಳದ ಆಚೆಗೇ ಮುಗಿಯತ್ತೆ. ಹಳ್ಳಕ್ಕೆ ಎರಡು ದಿಮ್ಮಿ, ಅದರ ಮೇಲೆ ಅಡಿಕೆ ದಬ್ಬೆ ಬಡಿದ ಕಾಲುಸಂಕ, ಪ್ರತಿ ವರ್ಷ ಮೇ ತಿಂಗಳಲ್ಲಿ ಎಲ್ಲರೂ ಸೇರಿ ಕಟ್ಟೋದು, ಹೆಚ್ಚು ಮಳೆಯಾದ ವರ್ಷ ಕೊಚ್ಚಿ ಹೋಗೋದು. ಸಂಕ ದಾಟಿ 380 ಮೀಟರ್ ಕಾಡಿನ ಹಾದಿ. ಐದು ಮೀಟರ್ ಅಗಲ ಅಂತ ಹಿಡಿದ್ರೆ ಅರ್ಧ ಎಕರೆಗೂ ಕಮ್ಮಿ ಜಾಗ. ಮರ ಎಣಿಸಿದ್ದೀವಿ, ಹನ್ನೊಂದು, ಅದ್ರಲ್ಲಿ ಮತ್ತಿ ಎರಡು, ಹೊನ್ನೆ ಒಂದು, ಉಳಿದಿದ್ದು ಸಣ್ಣವು.

ನಾಲ್ಕು ವರ್ಷದ ಹಿಂದೆ ಜುಲೈಯಲ್ಲಿ ಅತ್ತೆ ಬಚ್ಚಲ ಹತ್ರ ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಹಳ್ಳ ತುಂಬಿ ಸಂಕದ ಮೇಲೆ ಒಂದು ಗೇಣು ನೀರು ಹೋಗ್ತಿತ್ತು. "ಕುರ್ಚಿ ಬೇಡ, ಆನು ನಡೀತಿ" ಅಂತಿದ್ರು, ಏಳೋಕೇ ಆಗ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ಅವರನ್ನ ಸೀರೆಯಿಂದ ಕುರ್ಚಿಗೆ ಬಿಗಿದು, ಮೇಲೆ ಕಂಬಳಿ ಕೊಪ್ಪೆ ಹಾಕಿ ನಾಲ್ಕು ಜನ ಹೊತ್ರು. ಸಂಕದ ಮೇಲೆ ಇಬ್ಬರು ಅಕ್ಕಪಕ್ಕ ನಡೆಯೋಕೆ ಆಗೋದಿಲ್ಲ, ಹಾಗಾಗಿ ಹಿಂದೊಬ್ಬ ಮುಂದೊಬ್ಬ, ಉಳಿದವರು ಕುತ್ತಿಗೆ ತನಕ ಹಳ್ಳದಲ್ಲಿ ನಿಂತು ಕೆಳಗಿಂದ ಕುರ್ಚಿ ಹಿಡಕೊಂಡ್ರು. ನಾನು ಕೊಡೆ ಹಿಡ್ಕೊಂಡು ದಂಡೇಲಿ ನಿಂತಿದ್ದೆ, ಕೊಡೆ ಯಾರಿಗೆ ಹಿಡೀಬೇಕು ಅಂತಾನೇ ತಿಳೀಲಿಲ್ಲ. ಶಿರಸಿಗೆ ಹೋದ್ಮೇಲೆ ಅಲ್ಲಿಯ ಡಾಕ್ಟ್ರು ಹುಬ್ಬಳ್ಳಿಗೆ ಹೋಗಿ ಅಂದ್ರು, ಅಲ್ಲಿಂದ ಮತ್ತೆ ನೂರು ಕಿಲೋಮೀಟರ್. ಅತ್ತೆ ಈಗ ಊರುಗೋಲು ಹಿಡಿದು ಓಡಾಡ್ತಾರೆ, ಆದ್ರೆ ಆ ದಿನದ ನಂತರ ಮಳೆಗಾಲ ಪೂರ್ತಿ ಅಂಗಳ ಬಿಟ್ಟು ಇಳಿಯೋದಿಲ್ಲ.

ಆಮೇಲೆ ಕಿರುಸೇತುವೆ, ರಸ್ತೆಗೆ ಅಂತ ಅರ್ಜಿ ಹಾಕಿದ್ವಿ. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸಿದ್ರು, ನಕ್ಷೆ ತನ್ನಿ, ಸರ್ವೆ ನಂಬರ್ ತನ್ನಿ, ಮರದ ಸುತ್ತಳತೆ ಬರೆದು ತನ್ನಿ, ಎರಡು ವರ್ಷ ಓಡಾಡಿದ ಮೇಲೆ ಇದು ಅರಣ್ಯ ಭೂಮಿ, ಆಗೋದಿಲ್ಲ ಅಂತ ಒಂದು ಸಾಲು ಉತ್ತರ. ನಮ್ಮ ಪಂಚಾಯ್ತಿಯ ಮಾಜಿ ಮೆಂಬರ್ ಒಬ್ಬರು ಇದ್ದಾರೆ, ಓದೋ ಚಟದವರು, ಅವರು ಒಂದಿನ ಅರಣ್ಯ ಹಕ್ಕು ಕಾಯ್ದೆಯ ಪುಸ್ತಕ ಹಿಡ್ಕೊಂಡೇ ಬಂದ್ರು. 2006ರ ಆ ಕಾಯ್ದೇಲಿ 3(2) ಅಂತ ಒಂದು ಕಲಂ ಇದೆ. ಶಾಲೆ, ಅಂಗನವಾಡಿ, ದವಾಖಾನೆ, ಕುಡಿಯೋ ನೀರು, ಕರೆಂಟು ಲೈನು, ರಸ್ತೆ, ಹೀಗೆ 13 ಥರದ ಸಾರ್ವಜನಿಕ ಸೌಲಭ್ಯಕ್ಕೆ ಒಂದೊಂದಕ್ಕೆ ಒಂದು ಹೆಕ್ಟೇರ್ ಒಳಗೆ ಅರಣ್ಯ ಭೂಮಿ ಕೊಡಬಹುದು, ಮರ ಹೆಕ್ಟೇರಿಗೆ 75 ದಾಟಬಾರದು, ಗ್ರಾಮಸಭೆ ಶಿಫಾರಸು ಮಾಡ್ಬೇಕು. ಅಂದ್ರೆ ನಮ್ಮ ಸಂಕದಂಥದ್ದಕ್ಕೇ ಬರೆದ ಹಾಗಿದೆ! ಅಷ್ಟು ವರ್ಷ ಓಡಾಡಿದ್ವಲ್ಲ, ಯಾವ ಟೇಬಲ್ಲಿನವರೂ ನಮಗೆ ಇದನ್ನ ಹೇಳಿರಲಿಲ್ಲ. ಇದನ್ನ ಓದ್ತಾ ಇರೋರಲ್ಲಿ ಯಾರ ಊರಲ್ಲಾದ್ರೂ ಇಂಥದ್ದೇ ಸಮಸ್ಯೆ ಇದ್ರೆ ದಯವಿಟ್ಟು ಆ ಕಲಂ ನೆನಪಿಟ್ಕೊಳ್ಳಿ, ಗ್ರಾಮಸಭೆಯಲ್ಲಿ ಠರಾವು ಮಾಡ್ಸಿ.

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ ಅಳತೆ ನೋಡಿ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಯೋಜನೆಗೆ ಬೇಕಾಗಿದ್ದ ಕಾಡು 595 ಹೆಕ್ಟೇರ್ ಮೇಲೆ. ನಮ್ಮ ಸಂಕದ ರಸ್ತೆಯಂಥದ್ದು ಮೂರು ಸಾವಿರಕ್ಕೂ ಜಾಸ್ತಿ ಆಗತ್ತೆ. ನಂಗೆ ರೈಲು ಬೇಡ ಅಂತಲ್ಲ, ಅಂಕೋಲಾ ಯಲ್ಲಾಪುರ ಕಡೆಯ ಜನ ಎಷ್ಟು ವರ್ಷದಿಂದ ಕಾಯ್ತಿದಾರೆ ಅಂತ ನಂಗೊತ್ತು, ಹುಬ್ಬಳ್ಳಿಗೆ ಕುರ್ಚಿ ಮೇಲೆ ಕೂರಿಸಿ ಅತ್ತೆಯನ್ನ ಕರ್ಕೊಂಡು ಹೋದವಳು ನಾನು. ಆದ್ರೆ ಆ ಲೈನು ಶುರುವಾಗಿದ್ದೇ ಬಳ್ಳಾರಿ ಅದಿರನ್ನ ಬಂದರಿಗೆ ಸಾಗಿಸೋಕೆ ಅನ್ನೋದೂ ನೆನಪಿದೆ. ಹನ್ನೊಂದು ಮರಕ್ಕೆ ನಮ್ಮ ಹತ್ರ ಕೇಳಿದ ಪ್ರಶ್ನೆ ಇದೆಯಲ್ಲ, ಎಷ್ಟು ಮರ, ಯಾರಿಗೆ ಉಪಯೋಗ, ಬೇರೆ ದಾರಿ ಇಲ್ವಾ, ಊರವರು ಒಪ್ಪಿದಾರಾ, ಈ ನಾಲ್ಕನ್ನೇ ಅವರ ಹತ್ರವೂ ಕೇಳಿ, ಅಷ್ಟೇ ಗಟ್ಟಿಯಾಗಿ ಕೇಳಿ, ಅಷ್ಟೇ ಓಡಾಡ್ಸಿ. ನಮಗೆ ಸಿದ್ದೆಯಲ್ಲಿ ಅಳೆದು ಅವರಿಗೆ ಕೊಳಗದಲ್ಲಿ ಸುರಿಯೋದು ಯಾವ ನ್ಯಾಯ?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹತ್ತು ಪಾಲು ಭೂಮೀಲಿ ಎಂಟು ಪಾಲು ಕಾಡು ಅಂತ ಸರ್ಕಾರದ ಲೆಕ್ಕ. ಆ ಎಂಟು ಪಾಲಲ್ಲಿ ದೇಶಕ್ಕೆ ನಾವು ಕೊಟ್ಟಿದ್ದು ಸಣ್ಣದಲ್ಲ. ಸೂಪಾ ಡ್ಯಾಮಿಗೆ ಸೂಪಾ ಊರೇ ಮುಳುಗಿ ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯ್ತು. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ಘಟಕ, ಇನ್ನೂ 700 ಮೆಗಾವಾಟಿನ ಎರಡು ಬರ್ತಿವೆ. ಕಾರವಾರದಲ್ಲಿ ನೌಕಾನೆಲೆಗೆ 11 ಸಾವಿರ ಎಕರೆ ಮೇಲೆ, ಹದಿಮೂರು ಹಳ್ಳಿಯ ಜನ ಎದ್ದು ಹೋದ್ರು, ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಅಲೆದ್ರು. ಇಷ್ಟೆಲ್ಲ ಕೊಟ್ಟ ಜಿಲ್ಲೆಗೆ ಒಂದು ಸೂಪರ್ ಸ್ಪೆಶಾಲಿಟಿ ಆಸ್ಪತ್ರೆ ಇಲ್ಲ. ಹೃದಯ ನೋವು ಬಂದ್ರೆ ಕುಮಟಾದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ, ನಾವು ಹುಬ್ಬಳ್ಳಿಗೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿ ಕರ್ಕೊಂಡು ಹೊರಟ ಆಂಬುಲೆನ್ಸ್ ಬೈಂದೂರು ಹತ್ರದ ಟೋಲ್ ಗೇಟಿಗೆ ಗುದ್ದಿ ಜನ ಸತ್ರಲ್ಲ, ಅದನ್ನ ನೋಡಿದ ದಿನ ಆಯಿ ಫೋನ್ ಮಾಡಿ ಅತ್ತಿದ್ಲು, ಯಾಕಂದ್ರೆ ಅಪ್ಪಯ್ಯನ್ನ ಅದೇ ರಸ್ತೇಲಿ, ಅಂಥದ್ದೇ ಮಳೇಲಿ ಕರ್ಕೊಂಡು ಹೋಗಿದ್ವಿ. ಆಸ್ಪತ್ರೆ ಕಟ್ಟೋಕೆ ಎಷ್ಟು ಎಕರೆ ಬೇಕು ಹೇಳಿ? ಅದಕ್ಕೆ ಕಾಡು ಅಡ್ಡ ಬಂತು ಅಂತ ಯಾರಾದ್ರೂ ಹೇಳಿದ್ರೆ ನಾನು ನಂಬೋದಿಲ್ಲ.

ಇತ್ತ ಜೋಯಿಡಾದ ಹಳ್ಳಿಗಳಲ್ಲಿ ಕುಣಬಿ ಸಮುದಾಯದವರ ಮಕ್ಕಳು ಶಾಲೆಗೆ ಎಷ್ಟು ದೂರ ನಡೀತಾರೆ ಅಂತ ಕೇಳಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನವರಿಗೆ ಹೊರಗೆ ಹೋಗ್ತೀರಾದ್ರೆ ಕುಟುಂಬಕ್ಕೆ 15 ಲಕ್ಷ ಅಂತ ಪ್ಯಾಕೇಜ್ ಇದೆ. ಹೋಗೋಕೆ ಮನಸ್ಸಿದ್ದವರು ಹೋಗ್ಲಿ, ಅದು ಅವರ ಇಷ್ಟ. ಆದ್ರೆ ರಸ್ತೆ ಇಲ್ಲ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ ಅಂತ ಬೇಸತ್ತು ಹೋಗೋದನ್ನ ಸ್ವಇಚ್ಛೆ ಅಂತ ಬರ್ಕೊಳ್ಳೋದು ನಂಗೆ ಸರಿ ಕಾಣೋದಿಲ್ಲ. ಹುಲಿ ಇರೋ ಕಾಡಲ್ಲಿ ಗೆಡ್ಡೆ ಬೆಳೆದು ಬದುಕಿ ಆ ಕಾಡನ್ನ ಇಷ್ಟು ವರ್ಷ ಉಳಿಸಿದ್ದೂ ಅವರೇ ಅಲ್ವಾ.

ಪಶ್ಚಿಮ ಘಟ್ಟ ಉಳಿಸೋ ಬಗೆಗಿನ ಕಸ್ತೂರಿರಂಗನ್ ವರದಿ ಬಗ್ಗೆ ಒಂದು ಮಾತು. 2024ರ ಜುಲೈ ಕೊನೇಲಿ ಆರನೇ ಸಲ ಅದರ ಕರಡು ಅಧಿಸೂಚನೆ ಬಂತು, ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಅಂತ. ಅದು ಬಂದಾಗೆಲ್ಲ ನಮ್ಮ ಕಡೆ ಸಭೆ, ಮೆರವಣಿಗೆ, ಇನ್ಮೇಲೆ ದನ ಸಾಕೋಕಾಗಲ್ಲ, ಮನೆಗೆ ಹೆಂಚು ಹಾಕೋಕಾಗಲ್ಲ, ಎಲ್ಲರನ್ನೂ ಎಬ್ಬಿಸ್ತಾರೆ ಅಂತ. ಕರಡು ಓದಿ ನೋಡಿದೆ. ಅದರಲ್ಲಿ ಬೇಡ ಅಂದಿರೋದು ಗಣಿ, ಕಲ್ಲು ಕ್ವಾರಿ, ಮರಳು ತೆಗೆಯೋದು, ಹೊಸ ಉಷ್ಣ ಸ್ಥಾವರ, ಹೆಚ್ಚು ಮಾಲಿನ್ಯ ಮಾಡೋ ಕೆಂಪು ಪಟ್ಟಿಯ ಕಾರ್ಖಾನೆ, 20 ಸಾವಿರ ಚದರ ಮೀಟರ್ ದಾಟೋ ಕಟ್ಟಡ, ಇಂಥವು. ಇದ್ದ ಮನೆ ರಿಪೇರಿಗೆ, ವಿಸ್ತರಣೆಗೆ ಅಡ್ಡಿ ಇಲ್ಲ ಅಂತಾನೇ ಇದೆ. ನಮ್ಮ ಕೇರಿಯ ಹನ್ನೊಂದು ಮನೆಯವರು ಯಾರೂ 20 ಸಾವಿರ ಚದರ ಮೀಟರಿನ ಕಟ್ಟಡ ಕಟ್ಟೋರಲ್ಲ. ಹಂಗಂತ ಜನರ ಹೆದರಿಕೆ ಸುಳ್ಳು ಅಂತಲೂ ನಾನು ಹೇಳೋದಿಲ್ಲ, ಸಂಕಕ್ಕೇ ಇಷ್ಟು ಸತಾಯಿಸಿದವರು ಕಾಯ್ದೆ ಕೈಗೆ ಸಿಕ್ರೆ ಇನ್ನೆಷ್ಟು ಸತಾಯಿಸ್ತಾರೋ ಅನ್ನೋದು ಅನುಭವದ ಮಾತು. ಇದಕ್ಕೂ ಮೊದಲು ಇದೇ ಘಟ್ಟದ ಬಗ್ಗೆ ಬಂದ 2011ರ ಗಾಡ್ಗೀಳ್ ವರದಿ ಊರವರನ್ನ ಕೇಳಿ ಗ್ರಾಮಸಭೆಯಿಂದ ಮೇಲಕ್ಕೆ ಹೋಗಿ ಅಂತ ಹೇಳಿತ್ತು. ಅದನ್ನ ಬದಿಗೆ ಸರಿಸಿ ಉಪಗ್ರಹದ ಚಿತ್ರ ನೋಡಿ ಊರಿನ ಪಟ್ಟಿ ಮಾಡಿದ್ಮೇಲೆ ಊರವರು ನಮ್ಮದು ಅಂತ ಹ್ಯಾಗೆ ಒಪ್ಪಬೇಕು? ಅಘನಾಶಿನಿ ಕಣಿವೇಲಿ 2011ರಲ್ಲಿ ಸಿಂಗಳೀಕಕ್ಕೆ ಅಂತ 299.52 ಚದರ ಕಿಲೋಮೀಟರ್ ಸಂರಕ್ಷಣಾ ಮೀಸಲು ಆಯ್ತು, ಅಲ್ಲಿ ಯಾರನ್ನೂ ಎಬ್ಬಿಸ್ಲಿಲ್ಲ, ಜನ ಈಗಲೂ ಮುರುಗಲು, ವಾಟೆ, ಜೇನು ತರ್ತಾರೆ, ಸಿಂಗಳೀಕವೂ ಇದೆ. ಆಗೋದಿಲ್ಲ ಅಂತಿಲ್ಲ.

ಕಾಡು ಬೇಡ, ಮೊದಲು ಅಭಿವೃದ್ಧಿ ಅನ್ನೋರಿಗೆ ಶಿರೂರು ನೆನಪು ಮಾಡ್ತೀನಿ. 2024ರ ಜುಲೈ 16, ಅಂಕೋಲಾ ಹತ್ರ ಹೆದ್ದಾರಿ ಅಗಲ ಮಾಡೋಕೆ ಬುಡ ಕಡಿದಿದ್ದ ಗುಡ್ಡ ಕುಸಿದು ಟೀ ಅಂಗಡಿ, ಅಲ್ಲಿ ನಿಂತಿದ್ದ ಲಾರಿ ಎಲ್ಲವನ್ನೂ ಗಂಗಾವಳಿ ನದಿಗೆ ತಳ್ತು, ಆಚೆ ದಂಡೆಯ ಉಳುವರೆಯ ಮನೆಗಳ ಮೇಲೂ ನೀರು ಅಪ್ಪಳಿಸ್ತು. ಆ ಅಂಗಡೀಲಿ ನಾವೂ ಒಂದೆರಡು ಸಲ ಚಾ ಕುಡಿದಿದ್ವಿ. ನಮ್ಮ ಗುಡ್ಡ ಬಂಡೆಯಲ್ಲ, ಮೇಲೆ ಚಿರೆಕಲ್ಲು, ಒಳಗೆ ಮೆತ್ತನೆ ಜೇಡಿ, ಮಳೆಗಾಲದಲ್ಲಿ ನೀರು ಕುಡಿದು ಭಾರ ಆಗತ್ತೆ, ಬೇರು ಹಿಡಕೊಂಡು ಇಳಿಜಾರಾಗಿ ಇದ್ರೆ ನಿಲ್ಲತ್ತೆ, ಗೋಡೆ ಥರ ನೇರಕ್ಕೆ ಕಡಿದ್ರೆ ನಿಲ್ಲೋದಿಲ್ಲ. ಇದನ್ನ ಅಲ್ಲಿಯ ಹಾಲಕ್ಕಿ ಸಮುದಾಯದ ಅಜ್ಜಿಯನ್ನ ಕೇಳಿದ್ರೂ ಹೇಳ್ತಿದ್ಲು. ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡ ಓದದೇ ಇದ್ರೂ ಯಾವ ಗಿಡದ ಬೀಜ ಯಾವಾಗ ಹೆಕ್ಕಬೇಕು ಅಂತ ಇಲಾಖೆಗೇ ಹೇಳಿಕೊಟ್ಟವರು, ಪದ್ಮಶ್ರೀ ಕೊಟ್ವಿ, ಚಪ್ಪಾಳೆ ಹೊಡೆದ್ವಿ. ಅಂಥವರ ಊರಿನ ಪಕ್ಕದ ಗುಡ್ಡ ಕಡಿಯೋವಾಗ ಅಂಥವರನ್ನ ಒಂದು ಮಾತು ಕೇಳಿದ್ರಾ?

ಬಂದರುಗಳದ್ದೂ ಇದೇ ಕಥೆ. ಕಾರವಾರದಲ್ಲಿ 2020ರ ಜನವರಿಯಲ್ಲಿ ಟಾಗೋರ್ ಬೀಚ್ ಹತ್ರ ಕೆಲಸ ಶುರು ಮಾಡಿದಾಗ ಮೀನುಗಾರರು ಸಮುದ್ರಕ್ಕಿಳಿದು ನಿಂತ್ರು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಕಡಲಾಮೆ ಮೊಟ್ಟೆ ಇಡೋ ದಂಡೆ, ಅಲ್ಲೇ ಮೀನು ಒಣಗಿಸೋ ಹೆಂಗಸರ ಜಾಗ, ಅಲ್ಲೂ ಬಂದರು. ಈಗ ಅಂಕೋಲಾದ ಕೇಣಿ. ಎಲ್ಲ ಕಡೆ ಉದ್ಯೋಗ ಬರತ್ತೆ ಅಂತಾರೆ. ಬರಬಹುದು, ಆದ್ರೆ ಹೋಗೋ ಉದ್ಯೋಗದ ಲೆಕ್ಕವನ್ನ ಅದೇ ಕಾಗದದ ಇನ್ನೊಂದು ಬದಿಗೆ ಬರೀರಿ. ಒಣಮೀನು ಮಾರೋ ಹೆಂಗಸಿಗೆ ಸಂಬಳದ ಚೀಟಿ ಇಲ್ಲ, ಬಳಚು ಹೆಕ್ಕೋ ಅಕ್ಕನಿಗೆ ಪಿಎಫ್ ಇಲ್ಲ, ಅದಕ್ಕೇ ಅವರದ್ದು ಉದ್ಯೋಗ ಅಂತ ಯಾವ ವರದೀಲೂ ಬರೋದಿಲ್ಲ.

ನನ್ನ ಮಗ ಬೆಂಗಳೂರಲ್ಲಿದ್ದಾನೆ. ಲಾಕ್‌ಡೌನಲ್ಲಿ ಊರಿಗೆ ಬಂದಾಗ ಆನ್‌ಲೈನ್ ಕ್ಲಾಸಿಗೆ ಬೆಟ್ಟದ ತುದಿಗೆ ಹೋಗಿ ತಾಡಪತ್ರಿ ಕಟ್ಟಿ ಕೂತಿದ್ದ, ಕೆಳಗೆ ಸಿಗ್ನಲ್ ಇರಲಿಲ್ಲ. ಊರಲ್ಲೇ ಇದ್ದು ಕೆಲಸ ಮಾಡೋಕೆ ಅವನಿಗೆ ಆಸೆ ಇದೆ, ಬಾಯಿ ಬಿಟ್ಟು ಹೇಳ್ತಾನೆ. ನಮ್ಮ ಕೇರಿಯ ಹನ್ನೊಂದು ಮನೇಲಿ ಆರು ಮನೇಲಿ ಅರವತ್ತು ದಾಟಿದವರೇ. ಒಂದು ಸೇತುವೆ, ಒಂದು ಟವರು, ತಾಸಿನ ದಾರೀಲಿ ಒಂದು ಒಳ್ಳೆ ಆಸ್ಪತ್ರೆ, ಅಪ್ಪೆಮಿಡಿಗೆ ಮುರುಗಲಿಗೆ ಸರಿಯಾದ ರೇಟು, ಇಷ್ಟಾದ್ರೆ ಮೂರು ಹುಡುಗರು ವಾಪಸ್ ಬರ್ತಾರೆ ಅಂತ ನಂಗೆ ಹೆಸರು ಹಿಡಿದು ಹೇಳೋಕಾಗತ್ತೆ. ಅವರು ಬಂದ್ರೆ ಬೆಟ್ಟಕ್ಕೂ ಒಳ್ಳೇದು. ಬೇಸಿಗೇಲಿ ಬೆಂಕಿ ಬಿದ್ರೆ ಆರಿಸೋಕೆ ಓಡೋದು ಹತ್ತಿರ ಇರೋ ಮನೆಯವರೇ, ಮುದುಕರಿಗೆ ಓಡೋಕಾಗೋದಿಲ್ಲ.

ಈ ವರ್ಷ ಫೆಬ್ರವರೀಲಿ ಗ್ರಾಮಸಭೆಯಲ್ಲಿ ನಮ್ಮ ಠರಾವು ಆಯ್ತು. ನಾನು ಎದ್ದು ನಿಂತು ಮಾತಾಡಿದೆ, ಕೈ ನಡುಗ್ತಿತ್ತು. ಹನ್ನೊಂದು ಮರದ ಬದಲು ಹಳ್ಳದ ಎರಡೂ ದಂಡೇಲಿ ನೂರು ಗಿಡ ನಾವೇ ನೆಡ್ತೀವಿ, ಮತ್ತಿ, ಹೊನ್ನೆ, ಮುರುಗಲು, ಅಂತ ಅದೇ ಠರಾವಿನಲ್ಲಿ ಬರೆಸಿದ್ವಿ. ಹಾದಿಯನ್ನ ಸ್ವಲ್ಪ ಸೊಟ್ಟ ಮಾಡಿದ್ರೆ ದೊಡ್ಡ ಮತ್ತಿ ಮರ ಉಳಿಯತ್ತೆ ಅಂತ ಮಾವ ಹಗ್ಗ ಹಿಡಿದು ಅಳೆದು ತೋರಿಸಿದ್ರು. ಫೈಲು ಈಗ ಕಚೇರೀಲಿದೆ.

ಮೊನ್ನೆ ಜೀಪು ಹಳ್ಳದ ಆಚೆ ನಿಲ್ಲೋ ಹೊತ್ತಿಗೆ ಹನಿ ಶುರುವಾಗಿತ್ತು. ಸುಟ್ಟ ಚಿಪ್ಪಿಗೆ ನೀರು ಬಿದ್ರೆ ಚೀಲದಲ್ಲೇ ಕುದಿದು ಹೊತ್ತವನ ಬೆನ್ನು ಸುಡತ್ತೆ. ಚೀಲಕ್ಕೆ ಎರಡು ಸುತ್ತು ಪ್ಲಾಸ್ಟಿಕ್ ಹಾಕಿ ಬಿಗಿದು ಇವರು ತಲೆ ಮೇಲೆ ಇಟ್ಕೊಂಡ್ರು, ನಾನು ಹಿಂದಿಂದ ಕೊಡೆ ಹಿಡಿದೆ. ಈ ಸಲ ಕೊಡೆ ಯಾವುದಕ್ಕೆ ಹಿಡೀಬೇಕು ಅಂತ ಗೊತ್ತಿತ್ತು. ಹೊಸ ದಬ್ಬೆ ಬಡಿದ ಸಂಕ, ಇನ್ನೂ ಜಾರ್ತಾ ಇರಲಿಲ್ಲ. ಆಚೆ ದಂಡೇಲಿ ಮಾವ ಡ್ರಮ್ಮು ತೊಳೆದಿಟ್ಟು ಕಾಯ್ತಾ ಇದ್ರು, ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡ ನಾಳೆ ಬೆಳಿಗ್ಗೆ ಬರ್ತಾನೆ ಅಂದ್ರು.